ಕೋಹಾದಲ್ಲಿ ಸಂಪುಟಗಳ ಹೋಲ್ಡ್: ಎಂಟು ವರ್ಷ ಬಳಸಿದ ಮೇಲೆ

ಎಂ.ಎ. ಓದುವ ಹುಡುಗಿ. ಅಕ್ಕಮಹಾದೇವಿ ಬಗ್ಗೆ ಸೆಮಿನಾರ್ ಇತ್ತು. ಸಮಗ್ರ ವಚನ ಸಂಪುಟಕ್ಕೆ ಹೋಲ್ಡ್, ಅಂದ್ರೆ ಪುಸ್ತಕ ಸಿಕ್ಕಾಗ ನನಗೆ ಕಾದಿರಿಸಿ ಅನ್ನುವ ಬೇಡಿಕೆ, ಹಾಕಿದ್ದಳು. 'ಪುಸ್ತಕ ಬಂದಿದೆ' ಅಂತ ಮೆಸೇಜ್ ಹೋಯಿತು. ಎರಡು ಬಸ್ ಬದಲಿಸಿ ಬಂದಳು. ನಾನು ಹೋಲ್ಡ್ ಶೆಲ್ಫಿನಿಂದ ಅವಳ ಹೆಸರಿನ ಚೀಟಿ ಇದ್ದ ಪುಸ್ತಕ ತೆಗೆದು ಕೊಟ್ಟೆ. ತೆರೆದು ನೋಡಿ, 'ಮೇಡಂ, ಇದು ಬಸವಣ್ಣನವರದು, ನನಗೆ ಬೇಕಿದ್ದದ್ದು ಶಿವಶರಣೆಯರ ಸಂಪುಟ' ಅಂದಳು. ಅವಳು ಕೇಳಿದ್ದು ಐದನೇ ಸಂಪುಟ, ನಾನು ಕೊಟ್ಟಿದ್ದು ಒಂದನೆಯದು. ಐದನೆಯದು ಆಗ ಇನ್ನೊಂದು ಕಾಲೇಜಿನ ಕಪಾಟಿನಲ್ಲಿತ್ತು.

ನಮ್ಮದು ಒಂದೇ ಆಡಳಿತದ ನಾಲ್ಕು ಕಾಲೇಜುಗಳ ಲೈಬ್ರರಿ, ಎಲ್ಲಕ್ಕೂ ಸೇರಿ ಒಂದೇ ಕ್ಯಾಟಲಾಗ್. 2017ರಿಂದ ಕೋಹಾ ಬಳಸುತ್ತಿದ್ದೇವೆ. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ರಲ್ಲಿ ಬಳಕೆಗೆ ಬಂದ, ಲೈಬ್ರರಿ ಕೆಲಸ ನಡೆಸುವ ಉಚಿತ ಸಾಫ್ಟ್‌ವೇರ್ ಇದು, ಮಾವೋರಿ ಭಾಷೆಯಲ್ಲಿ ಕೋಹಾ ಅಂದ್ರೆ ಕಾಣಿಕೆ. ಇಶ್ಯೂ, ರಿಟರ್ನ್, ಸ್ಟಾಕ್ ಚೆಕಿಂಗ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಸಂಪುಟಗಳ ಹೋಲ್ಡ್ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕಂದ್ರೆ ಕೌಂಟರಿನಲ್ಲಿ ನಾನು ಜಾಸ್ತಿ ಕಷ್ಟಪಟ್ಟಿದ್ದು ಅದರಲ್ಲೇ.

ತೊಂದರೆ ಎಲ್ಲಿ ಅಂತ ಹೇಳುತ್ತೇನೆ. ಸಮಗ್ರ ವಚನ ಸಂಪುಟ 15 ಸಂಪುಟಗಳ ಸೆಟ್. ಕ್ಯಾಟಲಾಗಿನಲ್ಲಿ ಇಡೀ ಸೆಟ್ಟಿಗೆ ಒಂದು ರೆಕಾರ್ಡ್, ಅಂದ್ರೆ ಒಂದೇ ನಮೂದು, ಅದರ ಕೆಳಗೆ ಒಂದೊಂದು ಸಂಪುಟಕ್ಕೆ ಒಂದೊಂದು ಬಾರ್‌ಕೋಡ್. ಓದುಗರು 'ಮೊದಲು ಸಿಗುವ ಪ್ರತಿ' ಅಂತ ಹೋಲ್ಡ್ ಹಾಕಿದರೆ, ಆ ರೆಕಾರ್ಡಿನ ಕೆಳಗೆ ಇರುವುದೆಲ್ಲ ಒಂದೇ ಪುಸ್ತಕದ ಪ್ರತಿಗಳು ಅಂತ ಕೋಹಾ ತಿಳಿಯುತ್ತದೆ. ಮೊದಲು ಯಾವುದು ಕೈಗೆ ಸಿಕ್ಕಿತೋ ಅದನ್ನೇ ಕೊಡುತ್ತದೆ. ಕಾದಂಬರಿಯ ನಾಲ್ಕು ಪ್ರತಿ ಇದ್ದರೆ ಅದು ಸರಿ. ಸಂಪುಟಗಳಿಗೆ ಪೂರ್ತಿ ತಪ್ಪು.

ಇದಕ್ಕೆ ಮೊದಲು ಕಂಡುಕೊಂಡ ದಾರಿ, ನಿರ್ದಿಷ್ಟ ಪ್ರತಿಗೇ ಹೋಲ್ಡ್ ಹಾಕಿಸುವುದು. ಸರ್ಕ್ಯುಲೇಷನ್ (ಪುಸ್ತಕ ಕೊಡುವ, ವಾಪಸ್ ಪಡೆಯುವ) ನಿಯಮದಲ್ಲಿ ಅದನ್ನು ಕಡ್ಡಾಯ ಮಾಡಬಹುದು, ನಾವೂ ಮಾಡಿದೆವು. ಸಂಪುಟ ತಪ್ಪುವುದು ನಿಂತಿತು, ಆದರೆ ಬೇರೆ ತಲೆನೋವು ಶುರುವಾಯಿತು. ಐದನೇ ಸಂಪುಟ ಮೂರು ಕಾಲೇಜಿನಲ್ಲಿ ಇದೆ ಅಂತಿಟ್ಟುಕೊಳ್ಳಿ. ವಿದ್ಯಾರ್ಥಿ ಪಟ್ಟಿಯಲ್ಲಿ ಮೇಲೆ ಕಂಡ ಬಾರ್‌ಕೋಡ್ ಆರಿಸಿಬಿಟ್ಟರೆ, ಆ ಪ್ರತಿ ಯಾವುದೋ ಮೇಷ್ಟ್ರ ಮನೆಯಲ್ಲಿ ಎರಡು ತಿಂಗಳು ಇದ್ದರೂ ಅದಕ್ಕೇ ಕಾಯಬೇಕು. ಉಳಿದ ಎರಡು ಪ್ರತಿ ಕಪಾಟಿನಲ್ಲಿ ಸುಮ್ನೆ ಕೂತಿರುತ್ತವೆ. ಹಾಗೆ ಕಾದವರನ್ನು ನೋಡಿ ನನಗೆ ನಿಜವಾಗಲೂ ಬೇಜಾರಾಗುತ್ತಿತ್ತು.

ಸಂಪುಟಕ್ಕೊಂದು ಬೇರೆ ರೆಕಾರ್ಡ್ ಮಾಡಿಯೂ ನೋಡಿದೆವು. ಒಂದೇ ಲೈಬ್ರರಿ ಆಗಿದ್ದರೆ ಹೇಗೋ ನಡೆಯುತ್ತಿತ್ತೇನೋ. ನಮ್ಮಲ್ಲಿ ಒಂದು ಕಾಲೇಜು ಹದಿನೈದು ರೆಕಾರ್ಡ್ ಮಾಡಿತು, ಇನ್ನೊಂದು ಹಳೆಯ ಒಂದೇ ರೆಕಾರ್ಡಿಗೆ ಪ್ರತಿ ಸೇರಿಸುತ್ತಾ ಹೋಯಿತು, ಹುಡುಕಿದವರಿಗೆ ಅದೇ ಹೆಸರು ಹದಿನಾರು ಸಲ ಕಾಣುತ್ತಿತ್ತು. ಅದನ್ನೆಲ್ಲ ಮತ್ತೆ ಒಂದುಗೂಡಿಸಲು ಒಂದು ಸೆಮಿಸ್ಟರ್ ರಜೆ ಹೋಯಿತು.

ಪರಿಹಾರ ಸಿಕ್ಕಿದ್ದು 2023ರ ಬೇಸಿಗೆಯಲ್ಲಿ, 22.11 ಆವೃತ್ತಿಗೆ ಬಂದಾಗ. ಅದರಲ್ಲಿ ಐಟಂ ಗ್ರೂಪ್ ಅನ್ನುವ ಸೌಲಭ್ಯ ಹೊಸದಾಗಿ ಬಂದಿತ್ತು. ರೆಕಾರ್ಡ್ ಒಂದೇ, ಅದರೊಳಗೆ 'ಸಂಪುಟ 5' ಅಂತ ಒಂದು ಗುಂಪು ಮಾಡಿ ಮೂರೂ ಕಾಲೇಜಿನ ಐದನೇ ಸಂಪುಟಗಳನ್ನು ಅದಕ್ಕೆ ಸೇರಿಸಬೇಕು. ಓದುಗರು ಗುಂಪಿಗೆ ಹೋಲ್ಡ್ ಹಾಕುತ್ತಾರೆ, ಮೂರರಲ್ಲಿ ಯಾವುದು ಮೊದಲು ಸಿಕ್ಕಿದರೂ ಅವರಿಗೆ ಬರುತ್ತದೆ. ಎವರ್‌ಗ್ರೀನ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್ ಇದೆ, ಅಮೆರಿಕದ ಜಾರ್ಜಿಯಾ ರಾಜ್ಯದ ಸಾರ್ವಜನಿಕ ಲೈಬ್ರರಿಗಳು ಒಂದೇ ಕ್ಯಾಟಲಾಗ್ ಹಂಚಿಕೊಳ್ಳಲು ಮಾಡಿಸಿಕೊಂಡದ್ದು. ಅದರಲ್ಲಿ ಇಂಥ 'ಭಾಗ'ಗಳ ವ್ಯವಸ್ಥೆ ಎಷ್ಟೋ ವರ್ಷ ಮೊದಲೇ ಇತ್ತು. ಕೋಹಾದವರು ತಡ ಮಾಡಿದರು ಅಂತಲೇ ನನ್ನ ಅಭಿಪ್ರಾಯ. ಆದರೂ ಬಂತಲ್ಲ, ಸಂತೋಷ.

ಕೋಹಾದ ಸೆಟ್ಟಿಂಗ್‌ಗಳಿರುವ ಸಿಸ್ಟಂ ಪ್ರಿಫರೆನ್ಸ್‌ನಲ್ಲಿ ಎರಡು ಕಡೆ ಆನ್ ಮಾಡಬೇಕು: ಗುಂಪು ಬಳಸಲು ಒಂದು, ಗುಂಪಿಗೆ ಹೋಲ್ಡ್ ಹಾಕಲು ಇನ್ನೊಂದು. ಮೊದಲನೆಯದನ್ನು ಮಾತ್ರ ಆನ್ ಮಾಡಿ 'ಹೋಲ್ಡ್ ಬರ್ತಾ ಇಲ್ಲ' ಅಂತ ಒಂದು ಮಧ್ಯಾಹ್ನ ಪೂರ್ತಿ ಹುಡುಕಿದೆವು. ಇನ್ನೊಂದು ವಿಷಯ, ಒಂದು ರೆಕಾರ್ಡಿಗೆ ಒಬ್ಬರು ಎಷ್ಟು ಹೋಲ್ಡ್ ಹಾಕಬಹುದು ಅನ್ನುವ ನಿಯಮ. ನಮ್ಮಲ್ಲಿ ಅದು 1 ಇತ್ತು. ಸಂಶೋಧನೆ ಮಾಡುವವರು ಆರು, ಏಳು, ಎಂಟು ಮೂರೂ ಸಂಪುಟ ಕೇಳುತ್ತಾರೆ, ಮೊದಲನೆಯದಕ್ಕೆ ಹೋಲ್ಡ್ ಬಿದ್ದ ತಕ್ಷಣ ಉಳಿದ ಎರಡಕ್ಕೆ ಕೋಹಾ ಬೇಡ ಅನ್ನುತ್ತದೆ. ಅದನ್ನು 5ಕ್ಕೆ ಏರಿಸಿದ ಮೇಲೆ ಸರಿಹೋಯಿತು.

ದೊಡ್ಡ ಕೆಲಸ ಇರುವುದು ಹಳೆಯ ನಮೂದುಗಳಲ್ಲಿ. ಒಂದು ಕಾಲೇಜು 'ಸಂ. 5' ಅಂತ ಬರೆದಿದೆ, ಇನ್ನೊಂದು 'ಭಾಗ-5', ಮತ್ತೊಂದರಲ್ಲಿ ಇಂಗ್ಲಿಷ್ ವಿ ಅಕ್ಷರ ಹಾಕಿ 5, ನಾಲ್ಕನೆಯದರಲ್ಲಿ ಏನೂ ಬರೆದೇ ಇಲ್ಲ. ಕೋಹಾ ಇವನ್ನು ಓದಿ ತಾನೇ ಗುಂಪು ಮಾಡುವುದಿಲ್ಲ. ನಾನು ಮತ್ತು ನಮ್ಮ ಅಸಿಸ್ಟೆಂಟ್ ನಾಲ್ಕೂ ಕಡೆ ಹೋಗಿ ಒಂದೊಂದೇ ಸಂಪುಟ ಕೈಗೆ ತೆಗೆದುಕೊಂಡು, ಒಳಪುಟ ನೋಡಿ, ಬಾರ್‌ಕೋಡ್ ಸ್ಕ್ಯಾನ್ ಮಾಡಿ ಸೇರಿಸಿದೆವು. ಧೂಳು ಜಾಸ್ತಿ, ಆದರೆ ಬೇರೆ ದಾರಿ ಇರಲಿಲ್ಲ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟನ್ನು ಬಿಟ್ಟೆವು, ಅದು ರೆಫರೆನ್ಸ್, ಹೊರಗೆ ಕೊಡುವುದಿಲ್ಲ.

ಈಗ ಉಳಿದಿರುವ ಕೊರತೆ ಹೇಳಬೇಕು. ಹೊಸ ಪ್ರತಿ ಸೇರಿಸುವಾಗ ಗುಂಪನ್ನೂ ಆರಿಸಬೇಕು, ಮರೆತರೆ ಯಾರೂ ನೆನಪಿಸುವುದಿಲ್ಲ. ಕಳೆದ ವರ್ಷ ಹಾಗೇ ಆಯಿತು. ಒಂದೇ ಸಂಪುಟಕ್ಕೆ ಮೂರು ಜನ ಸರದಿಯಲ್ಲಿ ಕಾಯುತ್ತಿದ್ದರು, ಹೊಸ ಪ್ರತಿ ಮೂರು ವಾರ ಕಪಾಟಿನಲ್ಲೇ ಇತ್ತು, ಯಾಕಂದ್ರೆ ಅದು ಗುಂಪಿನ ಹೊರಗಿತ್ತು. ಈಗ ತಿಂಗಳಿಗೊಮ್ಮೆ ಗುಂಪಿಲ್ಲದ ಪ್ರತಿಗಳ ರಿಪೋರ್ಟ್ ತೆಗೆಯುತ್ತೇನೆ. ಎರಡು ಸಂಪುಟ ಸೇರಿಸಿ ಬೈಂಡ್ ಮಾಡಿಸಿದ ಹಳೆಯ ಪುಸ್ತಕಗಳದ್ದು ಇನ್ನೊಂದು ಕಷ್ಟ. ಒಂದು ಪ್ರತಿ ಒಂದೇ ಗುಂಪಿಗೆ ಸೇರುತ್ತದೆ. ಹಾಗಾಗಿ 'ಸಂಪುಟ 3 ಮತ್ತು 4' ಅಂತ ಬೇರೆ ಗುಂಪು ಮಾಡಿದ್ದೇವೆ, ಮೂರನೆಯದು ಮಾತ್ರ ಕೇಳಿದವರಿಗೆ ಅದು ತಾನಾಗಿ ಹೋಗುವುದಿಲ್ಲ, ಕೌಂಟರಿನಲ್ಲಿ ನಾವೇ ನೋಡಿ ಕೊಡಬೇಕು.

ನಿಮ್ಮದು ಒಂದೇ ಲೈಬ್ರರಿ, ಸೆಟ್‌ಗಳು ನಾಲ್ಕೈದೇ ಇದ್ದರೆ, ನಿರ್ದಿಷ್ಟ ಪ್ರತಿಯ ಹೋಲ್ಡ್ ಸಾಕು. ಹಲವು ಶಾಖೆ ಇದ್ದು ಒಂದೇ ಸಂಪುಟ ಎರಡು ಮೂರು ಕಡೆ ಇದ್ದರೆ ಐಟಂ ಗ್ರೂಪ್ ಮಾಡಿಕೊಳ್ಳಿ, ಆದರೆ ಆನ್ ಮಾಡುವ ಮೊದಲು ಎಲ್ಲ ಶಾಖೆಯವರೂ ಕೂತು ಸಂಪುಟದ ಹೆಸರು ಹೇಗೆ ಬರೆಯಬೇಕು ಅಂತ ಒಪ್ಪಿಕೊಳ್ಳಿ. ನಾವು 'ಸಂಪುಟ' ಅಂತ ಪೂರ್ತಿ ಪದ, ಮುಂದೆ ಒಂದು ಖಾಲಿ ಜಾಗ, ಆಮೇಲೆ ಅಂಕಿ ಅಂತ ಇಟ್ಟುಕೊಂಡಿದ್ದೇವೆ. ಗುಂಪಿನ ಸಾಲಿನಲ್ಲಿ ಒಂದಾದ ಮೇಲೆ ಹತ್ತು ಬಂದು ಕೂರದಂತೆ ಕ್ರಮಸಂಖ್ಯೆಯನ್ನೂ ತುಂಬಿ, ಅದಕ್ಕೆ ಬೇರೆ ಜಾಗವೇ ಇದೆ.