ಕಷಾಯದ ಬಗ್ಗೆಯೂ ಕೇಳುವ ಸಿಸ್ಟರ್: ಮಂಗಳೂರಿನ ಒಂದು ಹೃದಯ ಓಪಿಡಿ

ಪಾರ್ಕಿಂಗ್‌ಗೆ ಎರಡು ಸ್ಟಾರ್, ಬಿಲ್ಲಿಂಗ್ ಕೌಂಟರಿಗೆ ಒಂದು, ಸಿಸ್ಟರ್‌ಗೆ ಐದು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಬೈಗುಳವೂ ಇದೆಯಲ್ಲ!

ನಮ್ಮ ಅತ್ತೆಗೆ ಹೃದಯದಲ್ಲಿ ಲೋಹದ ವಾಲ್ವ್ ಇದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಜೀವನಪೂರ್ತಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ರಕ್ತಪರೀಕ್ಷೆ ಆಗಾಗ. ಅಂಕಿ ಕಮ್ಮಿಯಾದರೆ ರಕ್ತ ಹೆಪ್ಪುಗಟ್ಟುವ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ಅವರದ್ದು ಏರಿಳಿಯುತ್ತಲೇ ಇತ್ತು.

ಮೊದಲು ತೋರಿಸುತ್ತಿದ್ದ ಕಡೆ "ಬೇರೆ ಔಷಧಿ ಉಂಟಾ?" ಅಂತ ಕೇಳಿದರೆ ಅತ್ತೆ ಇಲ್ಲ ಅನ್ನುತ್ತಿದ್ದರು. ಬೆಳ್ಳುಳ್ಳಿ ಜಜ್ಜಿ ಹಾಕಿದ ಹಾಲು ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಒಮ್ಮೆ ಹೇಳಿದ್ದಕ್ಕೆ ಅಲ್ಲಿನ ನರ್ಸ್ ಎಲ್ಲರೆದುರೇ ಗದರಿದರು. ಆಮೇಲೆ ಬಾಯಿಗೆ ಬೀಗ.

ಇಲ್ಲಿನ ಸಿಸ್ಟರ್ ಕೇರಳದವರು, ಅವರ ತುಳು ಹರಕುಮುರುಕು. ಆದರೂ ಪಕ್ಕದಲ್ಲಿ ಕೂತು, "ಅಮ್ಮಾ, ಬೆಳಿಗ್ಗೆ ಎದ್ದ ಕೂಡಲೇ ಏನು ಕುಡಿಯುವುದು? ಗಂಟು ನೋವಿಗೆ? ಶೀತಕ್ಕೆ?" ಅಂತ ಒಂದೊಂದೇ ಕೇಳಿದರು. ಬೆಳ್ಳುಳ್ಳಿ ಹಾಲು, ಶುಂಠಿ ಕಷಾಯ, ನುಗ್ಗೆಸೊಪ್ಪು, ಯಾರೋ ಕೊಟ್ಟ ಚೂರ್ಣ, ಎಲ್ಲಾ ಹೊರಗೆ ಬಂತು. ಚೂರ್ಣದ ವಿಷಯ ಸೊಸೆಯಾದ ನನಗೇ ಗೊತ್ತಿರಲಿಲ್ಲ! ಸಿಸ್ಟರ್ ಮುಖ ಸಿಂಡರಿಸಲಿಲ್ಲ. ಎಷ್ಟು, ಯಾವಾಗಿನಿಂದ ಅಂತ ಫೈಲಿನಲ್ಲಿ ಬರೆದು ಡಾಕ್ಟರಿಗೆ ತೋರಿಸಿದರು.

ಆಮೇಲೆ ವಿವರಿಸಿದ್ದು ಇನ್ನೂ ಚೆನ್ನಾಗಿತ್ತು. ಸಾಂಬಾರಿನ ಬೆಳ್ಳುಳ್ಳಿಗೆ ತೊಂದರೆ ಇಲ್ಲ, ದಿನಾ ಔಷಧಿಯ ಹಾಗೆ ಜಾಸ್ತಿ ತಿಂದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ, ಅದು ಮಾತ್ರೆಯ ಬಲ ಕುಗ್ಗಿಸುತ್ತದೆ. ಬಿಡುವುದು ಬೇಡ, ಒಂದು ವಾರ ರಾಶಿ ಇನ್ನೊಂದು ವಾರ ಏನೂ ಇಲ್ಲ ಅಂತಾಗಬಾರದು ಅಷ್ಟೇ. ಚೂರ್ಣದಲ್ಲಿ ಏನಿದೆ ಅಂತ ಗೊತ್ತಾಗುವವರೆಗೆ ನಿಲ್ಲಿಸಿ, ಡಬ್ಬಿ ತನ್ನಿ ಅಂದರು. ವಸಡಿನಲ್ಲಿ ರಕ್ತ, ಕಪ್ಪು ಮಲ, ಸುಮ್ನೆ ಮೈಮೇಲೆ ನೀಲಿ ಕಲೆ ಕಂಡರೆ ಕಾಯದೆ ಬನ್ನಿ ಅಂತಲೂ ಹೇಳಿದರು.

ಅತ್ತೆ ಮೆಲ್ಲ ಆಟಿ ಅಮಾವಾಸ್ಯೆಯ ಪಾಲೆ ಕಷಾಯದ, ಅಂದರೆ ನಮ್ಮ ತುಳುನಾಡಿನಲ್ಲಿ ಆ ದಿನ ಕುಡಿಯುವ ಹಾಲೆ ಮರದ ತೊಗಟೆಯ ಕಷಾಯದ ಮಾತೆತ್ತಿದರು. ವರ್ಷಕ್ಕೊಮ್ಮೆ ಕುಡಿಯುವುದನ್ನೂ ಬಿಡಬೇಕಾ? ಸಿಸ್ಟರ್ ತಾನೇ ಹೂಂ, ಊಹೂಂ ಅನ್ನಲಿಲ್ಲ. ಡಾಕ್ಟರ ಹತ್ತಿರ ಕೇಳಿಕೊಂಡು ಬಂದರು. ಈ ವರ್ಷ ಬೇಡ ಅಂದರಂತೆ. ಅತ್ತೆ ಗೊಣಗಿದರು, ಆದರೆ ಕುಡಿಯಲಿಲ್ಲ. ಪಾಲೆ ಅಂತ ಬೇರೆ ಮರದ ತೊಗಟೆ ತಂದು ಜೀವಕ್ಕೇ ಕುತ್ತಾಗುವುದೂ ಉಂಟಲ್ವಾ.

ಈಗ ಬೈಗುಳ. ಇಷ್ಟೆಲ್ಲಾ ಮಾತು ನಡೆದದ್ದು ಕಾರಿಡಾರಿನ ಬೆಂಚಿನಲ್ಲಿ, ಪಕ್ಕದವರೂ ಕಿವಿಗೊಟ್ಟಿದ್ದರು. ಕೊಟ್ಟ ಸೂಚನಾ ಹಾಳೆ ಪೂರ್ತಿ ಇಂಗ್ಲಿಷ್. ಸಿಸ್ಟರ್ ರಜೆಯಲ್ಲಿದ್ದ ದಿನ ಅವರ ಜಾಗದಲ್ಲಿದ್ದವರು ತಲೆಯೆತ್ತದೆ ಟಿಕ್ ಹಾಕಿ ಕಳಿಸಿದರು. ಮೊದಲೇ ವಿಚಾರಿಸಿಕೊಂಡು ಹೋಗಿ, ಬೈಕಿದ್ದರೆ ಕಾರು ಬೇಡ.