ಎಂ416ಗೆ ಕಾಂಪೆನ್ಸೇಟರೋ, ಸಪ್ರೆಸರೋ?

ಮೈಸೂರಿನ ಸರಸ್ವತಿಪುರಂನಲ್ಲಿ ಬಿಜಿಎಂಐ (ಮೊಬೈಲ್‌ನಲ್ಲಿ ಗುಂಡು ಹಾರಿಸುವ ಆಟ) ಆಡುವ ಹುಡುಗರ ನಡುವೆ, ಎಂ416 ರೈಫಲ್‌ನ ನಳಿಗೆಯ ತುದಿಗೆ ಈ ಎರಡರಲ್ಲಿ ಯಾವ ಬಿಡಿಭಾಗ ಹಾಕಬೇಕು ಎಂಬ ಚರ್ಚೆ ಮುಗಿಯುವುದೇ ಇಲ್ಲ. ಹೊಸಬರಾದರೆ ಕಣ್ಣು ಮುಚ್ಚಿಕೊಂಡು ಕಾಂಪೆನ್ಸೇಟರ್ ಹಾಕಿ. ಗನ್ ಮೇಲಕ್ಕೆ ಏರುವುದು, ಅಕ್ಕಪಕ್ಕ ಅಲ್ಲಾಡುವುದು, ಎರಡನ್ನೂ ಅದು ತಗ್ಗಿಸುತ್ತದೆ. ಸಪ್ರೆಸರ್ ಸದ್ದು ಅಡಗಿಸುತ್ತದೆ, ರಿಕಾಯಿಲ್ (ಗುಂಡು ಹಾರುವಾಗ ಗನ್ ಹೀಗೆ ಅಲುಗುವುದು) ಮಾತ್ರ ಹಾಗೇ ಇರುತ್ತದೆ. ಮರೆಯಲ್ಲಿ ಕೂತು ಹೊಡೆಯುವವರಿಗೆ ಅದು ಸರಿ.

ಗ್ರಿಪ್‌ನಲ್ಲಿ, ಅಂದರೆ ನಳಿಗೆಯ ಕೆಳಗೆ ಕೂರಿಸುವ ಹಿಡಿಯಲ್ಲಿ, ಯೋಚನೆ ಜಾಸ್ತಿ ಬೇಕು. ಆಟದೊಳಗಿನ ಟ್ರೈನಿಂಗ್ ಗ್ರೌಂಡ್‌ಗೆ ಹೋಗಿ ಗೋಡೆಗೆ ಪೂರಾ ಮ್ಯಾಗಜೀನ್ ಖಾಲಿ ಮಾಡಿ, ಗುಂಡಿನ ಗುರುತು ನೋಡಿ. ಸಾಲು ಮೇಲಕ್ಕೆ ಓಡಿದೆಯಾ? ವರ್ಟಿಕಲ್ ಗ್ರಿಪ್. ಗನ್ ಏರದಂತೆ ಸ್ಕ್ರೀನ್ ಮೇಲೆ ಬೆರಳು ಕೆಳಗೆ ಎಳೆಯುವುದು ರೂಢಿಯಾಗಿದ್ದು, ಗುಂಡು ಎಡಬಲಕ್ಕೆ ಚದುರುತ್ತಿದ್ದರೆ ಆಂಗಲ್ಡ್ ಗ್ರಿಪ್. ಸುಮ್ನೆ ಗೆಳೆಯ ಹಾಕಿದ್ದನ್ನೇ ಹಾಕಬೇಡಿ, ಎಲ್ಲರ ಕೈಯೂ ಒಂದೇ ಥರ ಇರಲ್ಲ ಅಲ್ವಾ? ಆಟದ ಇನ್ನೊಂದು ರೈಫಲ್ ಎಕೆಎಂಗೆ ಗ್ರಿಪ್ ಕೂರುವುದೇ ಇಲ್ಲ. ಅದಕ್ಕೆ ಕಾಂಪೆನ್ಸೇಟರ್ ಸಿಕ್ಕರೆ ಬಿಡಲೇಬೇಡಿ.