ತಾರಸಿಗೆ ಹೋಗುವ ಜಲಕೃಷಿ ಸಸಿಗಳಿಗೆ ಶೇಡ್ ನೆಟ್: ಶೇಕಡಾ 50ರದ್ದೇ ಸಾಕು

ಮನೆಯೊಳಗೆ ಎಲ್‌ಇಡಿ ದೀಪದಡಿ, ಪೋಷಕಾಂಶ ಬೆರೆಸಿದ ನೀರಿನಲ್ಲಿ ಬೆಳೆದ ಟೊಮೆಟೊ ಮತ್ತು ಮೆಣಸಿನ ಸಸಿಗಳನ್ನು ತಾರಸಿಗೆ ಸಾಗಿಸುವವರಿಗೆ ಬೆಂಗಳೂರಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಹಸಿರು ಶೇಡ್ ನೆಟ್, ಅಂದರೆ ಬಿಸಿಲು ತಗ್ಗಿಸುವ ನೆರಳಿನ ಬಲೆ. ಈ ಬೇಸಿಗೆಯಲ್ಲಿ ನಾನು ಬಳಸಿದ್ದು ಶೇಕಡಾ 50ರಷ್ಟು ಬೆಳಕನ್ನು ತಡೆಯುವ, ಯುವಿ (ನೇರಳಾತೀತ) ಕಿರಣಗಳನ್ನು ತಾಳುವಂತೆ ಸಂಸ್ಕರಿಸಿದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್‌ನ ನೆಟ್. ಅಂಗಡಿಯಾತ ಶೇಕಡಾ 75ರದ್ದನ್ನು ಕೊಳ್ಳುವಂತೆ ಒತ್ತಾಯಿಸಿದರೂ ನಾನು ಒಪ್ಪಲಿಲ್ಲ, ಅದಕ್ಕೆ ಕಾರಣವಿದೆ.

ಮಧ್ಯಾಹ್ನದ ನೇರ ಬಿಸಿಲಿನ ಪ್ರಖರತೆ ಸುಮಾರು 1 ಲಕ್ಷ ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ). ಮನೆಬಳಕೆಯ ದೀಪದಡಿ ಅದರ ಐದರಲ್ಲೊಂದು ಪಾಲು ದೊರೆತರೂ ಹೆಚ್ಚೇ. ಗಾಳಿಯಾಡದ, ನೇರಳಾತೀತ ಕಿರಣ ಸೋಕದ ಕೋಣೆಯಲ್ಲಿ ಬೆಳೆದ ಎಲೆಯ ಮೇಣದ ಪದರ ತೆಳುವಾಗಿರುವುದರಿಂದ, ಒಮ್ಮೆಲೇ ಬಿಸಿಲಿಗಿಟ್ಟ ಸಸಿಯ ಎಲೆಗಳಲ್ಲಿ ಒಂದೆರಡು ದಿನಗಳಲ್ಲೇ ಕಾಗದದಂತಹ ಬಿಳಿ ಕಲೆಗಳು ಮೂಡುತ್ತವೆ. ಆ ಕಲೆಗಳು ಮತ್ತೆ ಹಸಿರಾಗುವುದಿಲ್ಲ. ನೆಟ್ ಬೆಳಕನ್ನು ಅರ್ಧಕ್ಕಿಳಿಸಿದರೂ ಉಳಿಯುವ 50 ಸಾವಿರ ಲಕ್ಸ್ ಕೂಡ ಸಸಿಗೆ ಹೊಸದೇ. ಆದ್ದರಿಂದ ಮೊದಲ ದಿನಗಳಲ್ಲಿ ನೆಟ್‌ನ ಅಡಿಯಲ್ಲಿಯೂ ಬೆಳಗಿನ ಒಂದೆರಡು ಗಂಟೆ ಮಾತ್ರ ಇರಿಸಿ, ದಿನೇ ದಿನೇ ಅವಧಿಯನ್ನು ಹೆಚ್ಚಿಸುತ್ತಾ, 7ರಿಂದ 10 ದಿನಗಳ ಬಳಿಕ ನೆಟ್ಟನ್ನೇ ಸರಿಸಬೇಕು. ಶೇಕಡಾ 75ರ ನೆಟ್‌ನಡಿ ಸಸಿ ಸುಡುವುದಿಲ್ಲ, ನಿಜ. ಆದರೆ ಬಿಸಿಲಿಗೆ ಹೊಂದಿಕೊಳ್ಳುವುದೂ ಇಲ್ಲ, ಗೆಣ್ಣುಗಳ ನಡುವೆ ಉದ್ದವಾಗಿ ಸೊರಗಿ ಬೆಳೆಯುತ್ತದೆ.

ಈ ಕೆಲಸದಲ್ಲಿ ನನ್ನ ನೆಟ್ ನಿರೀಕ್ಷೆ ಮುಟ್ಟಿದೆ. ಎಲೆಗಳು ಸುಡಲಿಲ್ಲ, ಹೊಸ ಚಿಗುರು ದಪ್ಪವಾಗಿ, ಗಾಢ ಹಸಿರಾಗಿ ಬಂದಿದೆ. ಆದರೆ ಬಣ್ಣದ ಬಗ್ಗೆ ನನ್ನ ತಕರಾರಿದೆ. ಹಸಿರು ನೆಟ್ ಹಾಯಲು ಬಿಡುವ ಬೆಳಕಿನಲ್ಲಿ ಹಸಿರಿನ ಪಾಲು ಹೆಚ್ಚು, ದ್ಯುತಿಸಂಶ್ಲೇಷಣೆಗೆ ಹೆಚ್ಚು ಒದಗುವ ಕೆಂಪು ಬೆಳಕು ಕಡಿಮೆ. ಕಪ್ಪು ನೆಟ್ ಎಲ್ಲ ಬಣ್ಣಗಳನ್ನೂ ಬಹುಮಟ್ಟಿಗೆ ಸಮನಾಗಿ ತಗ್ಗಿಸುತ್ತದೆ. ಹಸಿರಿಗೆ ಬೇಡಿಕೆ ಬಂದಿರುವುದು ಗಿಡದ ಅಗತ್ಯಕ್ಕಿಂತ ನೋಡುವವರ ಕಣ್ಣಿಗಾಗಿ ಎಂದು ನನ್ನ ಗುಮಾನಿ.

ನೆಟ್ ಮಾಡದ ಕೆಲಸವೂ ಒಂದಿದೆ, ಅದನ್ನು ಮಾರುವವರು ಹೇಳುವುದಿಲ್ಲ. ನೀರಿನಲ್ಲಿ ಬೆಳೆದ ಬೇರಿಗೆ ನೀರು ಹೀರುವ ಕೂದಲಿನಂತಹ ಬೇರುರೋಮಗಳು ವಿರಳ. ಅಂತಹ ಸಸಿಯನ್ನು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಮಣ್ಣಿಗೆ ವರ್ಗಾಯಿಸಿದಾಗ ಸುತ್ತಲೂ ತೇವವಿದ್ದರೂ ಸಾಕಷ್ಟು ನೀರು ಹೀರಲಾರದೆ ಸಸಿ ಬಾಡುತ್ತದೆ. ಉಪ್ಪಿನಂಶ ಹೋಗುವಂತೆ ತೊಳೆದ ಕೊಕೊಪೀಟ್ ಆರದಂತೆ ನೋಡಿಕೊಂಡು, ಪೋಷಕದ್ರಾವಣವನ್ನು ಅರ್ಧದಷ್ಟು ತೆಳುಗೊಳಿಸಿ ಕೊಡುವುದರಿಂದ ಹೊಸ ಬೇರುಗಳು ಮೂಡುವವರೆಗೆ ಗಿಡ ತಡೆದುಕೊಳ್ಳುತ್ತದೆ. ಬೇರಿನ ಬದಲಾವಣೆಯನ್ನೂ ಬಿಸಿಲಿನ ಬದಲಾವಣೆಯನ್ನೂ ಒಂದೇ ವಾರದಲ್ಲಿ ಮಾಡದಿರುವುದು ಒಳ್ಳೆಯದು: ಸಸಿಯನ್ನು ಮನೆಯೊಳಗೇ ಕುಂಡದಲ್ಲಿ ನಾಟಿ ಮಾಡಿ, ಗಿಡ ಚೇತರಿಸಿದ ಮೇಲೆ ಹೊರಗೆ ತರಬೇಕು.

ಗಾಳಿಯ ವಿಷಯದಲ್ಲಿಯೂ ನೆಟ್ ಅರೆಬರೆ. ಕತ್ತರಿಸಿದ ಅಂಚು ಸಡಿಲಗೊಂಡು ನೂಲು ಬಿಡುತ್ತದೆ; ಅಂಚಿಗೆ ಪಟ್ಟಿ ಹೊಲಿದು ಲೋಹದ ಕಣ್ಣುಗಳನ್ನು ಕೂರಿಸಿದ ನೆಟ್ ತುಸು ದುಬಾರಿಯಾದರೂ, ಮುಂಗಾರಿಗೆ ಮುನ್ನಿನ ಬಿರುಗಾಳಿಯಲ್ಲಿ ಕಂಬಕ್ಕೆ ಬಿಗಿಯಾಗಿ ನಿಲ್ಲುವುದು ಅದೇ.